ಮಾವನ ತಲೆಯಲ್ಲಿ ನಾನಿಟ್ಟ ಕ್ಯಾಮೆರಾ

ನನ್ನ ಮಾವನ ತಲೆಯೊಳಗೆ ಕ್ಯಾಮೆರಾ ಉಂಟೆಂದು ಹಾಲ್ ತುಂಬ ಹೆಂಗಸರ ಎದುರು ಮೈಕಿನಲ್ಲಿ ಸಾರಿದವನು ನಾನೇ. ಯಾರೂ ಕುಡಿಸಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಮೂಡುಬಿದಿರೆ ಹತ್ತಿರದ ಪುತ್ತಿಗೆಯಲ್ಲಿ ಒಂದು ಸೀಮಂತ, ನನ್ನ ಕೈಗೊಂದು ಮೈಕು, ಅಷ್ಟೇ. ಮೈಕು ಸಿಕ್ಕಿದರೆ ನನ್ನ ಬುದ್ಧಿ ಚಪ್ಪಲಿ ಬಿಟ್ಟಲ್ಲೇ ಉಳಿದುಬಿಡುತ್ತದೆ.

ಮಾವ ಎಂದರೆ ಅಮ್ಮನ ಅಣ್ಣ. ಕಲ್ಲಡ್ಕದಲ್ಲಿ ಟೈಲರ್. ಬ್ಲೌಸು ಮಾತ್ರ ಹೊಲಿಯುವವರು, ಅದೂ ಮೂವತ್ತು ವರ್ಷದಿಂದ. ಆಮೇಲೆ ಕೈಗೆ ನಡುಕ ಹಿಡಿಯಿತು. ನೂಲು ಸೂಜಿಯ ಕಣ್ಣೊಂದನ್ನು ಬಿಟ್ಟು ಬೇರೆಲ್ಲ ಕಡೆ ಹೋಗತೊಡಗಿತು. ಹುಕ್ಸ್ ಒಂದು ಕಡೆ, ಅದರ ಕಾಜ ಇನ್ನೊಂದು ಕಡೆ. ಕೊನೆಗೆ ಅಂಗಡಿಗೆ ಬೀಗ ಬಿತ್ತು. ಎರಡು ವರ್ಷ ಬೀಗವೇ.

ಮಂಗಳೂರಿನ ಡಾಕ್ಟರು ತಲೆಬುರುಡೆಯಲ್ಲಿ ಸಣ್ಣ ತೂತು ಮಾಡಿ ಶ್ಯಾವಿಗೆ ಎಳೆಯಷ್ಟು ದಪ್ಪದ ತಂತಿ ಇಳಿಸಿದರು. ಎದೆಯ ಚರ್ಮದಡಿ ಬೆಂಕಿಪೊಟ್ಟಣದ ಹಾಗಿನ ಒಂದು ಪೆಟ್ಟಿಗೆ. ಅದು ಮೆದುಳಿನಲ್ಲಿ ನಡುಕ ಹುಟ್ಟುವ ಜಾಗಕ್ಕೆ ಸಣ್ಣ ಕರೆಂಟು ಕೊಡುತ್ತದೆ, ಅಲ್ಲಿನ ನಡುಕದ ಲೆಕ್ಕವನ್ನೂ ಬರೆದಿಟ್ಟುಕೊಳ್ಳುತ್ತದೆ. ಮಾವ ಎದುರು ಕುಳಿತರೆ ಸಾಕು, ಆ ಲೆಕ್ಕ ವಯರಿಲ್ಲದೆ ಡಾಕ್ಟರ ಟ್ಯಾಬಿನಲ್ಲಿ ಕಾಣಿಸುತ್ತದೆ. ಚಾರ್ಜು ಮಾಡುವುದೂ ಅಂಗಿಯ ಮೇಲೊಂದು ಬಿಲ್ಲೆ ಇಟ್ಟು. ಕೈಯ ನಡುಕ ನಿಂತ ಮೊದಲ ದಿನ ಮಾವ ಒಂದೇ ಸಲಕ್ಕೆ ಸೂಜಿಗೆ ನೂಲು ಪೋಣಿಸಿದರು. ಅದನ್ನು ಎಳೆದು ತೆಗೆದು, ಮತ್ತೊಮ್ಮೆ ಪೋಣಿಸಿದರು.

ಇಷ್ಟು ಕಂಡವನು ಬಾಯಿ ಮುಚ್ಚಿಕೊಂಡು ಹೋಳಿಗೆ ತಿನ್ನಬೇಕಿತ್ತು. ಸೀಮಂತದ ಹುಡುಗಿ ಕಲ್ಲಡ್ಕದವಳು. ಒಂದು ಬಸ್ಸು ತುಂಬ ಕಲ್ಲಡ್ಕದ ಹೆಂಗಸರು ಬಂದಿದ್ದರು, ಎಲ್ಲ ಮಾವನ ಹಳೆ ಗಿರಾಕಿಗಳೇ. ಅವರು ಮಾವನ ಬೋಳು ತಲೆಯ ಹೊಲಿಗೆ ಗುರುತನ್ನು ಕದ್ದು ಕದ್ದು ನೋಡುತ್ತಿದ್ದರು. ನಾನು ಶುರುಮಾಡಿದೆ.

"ಅಕ್ಕಂದಿರೇ, ಜಾಗ್ರತೆ! ನಮ್ಮ ಮಾವನ ತಲೆಯಲ್ಲಿ ಈಗ ಕ್ಯಾಮೆರಾ ಉಂಟು. ಅವರು ನೋಡಿದ್ದೆಲ್ಲ ಸೀದಾ ಮಂಗಳೂರಿಗೆ ಹೋಗ್ತದೆ. ಯಾರು ಎಷ್ಟು ಹೋಳಿಗೆ ತಿಂದದ್ದು ಅಂತ ಅಲ್ಲಿ ಟಿವಿಯಲ್ಲಿ ಕಾಣ್ತದೆ!"

ಹಾಲ್‌ನ ಮಾಡಿನ ಶೀಟು ಹಾರುವಷ್ಟು ನಗು. ಮಾವನೂ ನಕ್ಕರು. ನಾನು ಮೂರು ದಿನ ನೆಲದಿಂದ ಒಂದಡಿ ಮೇಲೆಯೇ ನಡೆದೆ.

ನಾಲ್ಕನೆಯ ದಿನ ಮಾವ ಅಂಗಡಿ ತೆರೆದರು. ಊದುಬತ್ತಿ ಹಚ್ಚಿ, ಮಿಷಿನಿಗೆ ಎಣ್ಣೆ ಬಿಟ್ಟು ಕುಳಿತರು. ಒಂದು ವಾರ, ಎರಡು ವಾರ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಒಬ್ಬ ಗಂಡಸು ಬಂದದ್ದು ಬಿಟ್ಟರೆ ಒಂದು ನೊಣವೂ ಇಲ್ಲ. "ಚೌತಿಯ ಒಳಗೆ ಬ್ಲೌಸು ಬಾರದಿದ್ರೆ ಮಿಷಿನು ಕೊಟ್ಟುಬಿಡ್ತೇನೆ," ಎಂದರು ಮಾವ.

ಕಾರಣ ಗೊತ್ತಾದದ್ದು ಬಸ್ಸಿನಲ್ಲಿ. ನಾನು ಬಂಟ್ವಾಳದಿಂದ ಕಲ್ಲಡ್ಕಕ್ಕೆ ಹೋಗುತ್ತಿದ್ದೆ. ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು.

"ಆ ಟೈಲರ್ ಹತ್ರ ಬೇಡ ಅಕ್ಕ. ಅವರ ತಲೆಯಲ್ಲಿ ಕ್ಯಾಮೆರಾ ಉಂಟಂತೆ."

"ಹೋಗೇ! ಯಾರು ಹೇಳಿದ್ದು?"

"ಅವರ ಅಳಿಯನೇ ಮೈಕಿನಲ್ಲಿ ಹೇಳಿದ್ದು."

ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು ಕಿರುಚಿದೆ: "ಆ ಅಳಿಯ ನಾನೇ! ಕ್ಯಾಮೆರಾ ಇಲ್ಲ, ಎಂತದೂ ಇಲ್ಲ! ನಿಮ್ಮಲ್ಲಿ ಒಬ್ಬರಾದ್ರೂ ಅವರ ಎದುರು ನಿಂತು ಅಳತೆ ಕೊಟ್ಟದ್ದುಂಟಾ? ಹಳೆ ಬ್ಲೌಸೇ ಅಲ್ವಾ ಅಳತೆಗೆ ಕಳಿಸುದು? ನಿಮ್ಮ ಹಳೆ ಬ್ಲೌಸು ನೋಡ್ಲಿಕ್ಕೆ ಡಾಕ್ಟ್ರಿಗೆ ಹುಚ್ಚಾ?"

ಬಸ್ಸಿಗೆ ಬಸ್ಸೇ ತಿರುಗಿ ನನ್ನನ್ನು ನೋಡಿತು. ಕಂಡಕ್ಟರ್ ಮಾತ್ರ ಶಾಂತವಾಗಿ, "ಅಣ್ಣ, ಇಳಿಯುದಾ, ಭಾಷಣವಾ?" ಎಂದ. ಇಳಿದೆ. ಕಲ್ಲಡ್ಕಕ್ಕೆ ಇನ್ನೂ ಎರಡು ಸ್ಟಾಪು ಇತ್ತು. ಉಳಿದ ದಾರಿಯನ್ನು ಬೈಯುತ್ತಾ ನಡೆದೆ. ಆ ಹೆಂಗಸರನ್ನು ಬೈದೆ, ಮೈಕು ಕಂಡುಹಿಡಿದವನನ್ನು ಬೈದೆ, ಎಲ್ಲರಿಗಿಂತ ಹೆಚ್ಚು ನನ್ನ ನಾಲಿಗೆಯನ್ನು. ಆ ಡಾಕ್ಟರು ತಂತಿ ಇಳಿಸಬೇಕಾದದ್ದು ಈ ತಲೆಗೆ.

ಅಂಗಡಿಗೆ ಹೋಗಿ ಮಾವನ ಎದುರು ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಎರಡೂ ಕೈ ಚಾಚಿ ತೋರಿಸಿದರು. ಬೆರಳು ಒಂದಿಷ್ಟೂ ಅಲುಗಲಿಲ್ಲ. "ನೋಡು ಮಾರಾಯ, ಕೈ ಸರಿ ಉಂಟು. ಕೈಗೆ ಕೆಲಸ ಇಲ್ಲ," ಎಂದರು. ಬೈದಿದ್ದರೆ ನನಗೆ ಸುಖವಾಗುತ್ತಿತ್ತು.

ಚೌತಿ ಕಳೆಯಿತು. ಹೊಲಿಗೆ ಕಲಿತ ಒಬ್ಬಳು ಮಿಷಿನು ಕೊಂಡುಹೋಗಲು ಬೆಳ್ತಂಗಡಿಯಿಂದ ರಿಕ್ಷಾ ತಂದಳು. ಮಿಷಿನನ್ನು ಎತ್ತಿ ಇಟ್ಟವನು ನಾನೇ. ಇಂಥ ಕೆಲಸಕ್ಕೆ ನಾನು ಯಾವಾಗಲೂ ಸಿಗುತ್ತೇನೆ.

ಎದುರುಗಡೆ ಬಸ್ಸಿಗೆ ಕಾಯುತ್ತಿದ್ದ ರಿಟೈರ್ಡ್ ಟೀಚರ್ ಅದನ್ನು ನೋಡಿದರು. ಅವರ ಮದುವೆಯ ಬ್ಲೌಸನ್ನೂ ಹೊಲಿದವರು ಮಾವನೇ. ನಾನು ನೇರ ಹೋಗಿ ಕೇಳಿದೆ: "ಟೀಚರ್, ನೀವು ಮಕ್ಕಳಿಗೆ ವಿಜ್ಞಾನ ಕಲಿಸಿದವರು. ನೀವೂ ಕ್ಯಾಮೆರಾ ನಂಬಿದಿರಾ?"

ಅವರು ರಿಕ್ಷಾದ ಕಡೆಗೆ ನೋಡುತ್ತಲೇ ಹೇಳಿದರು.

"ಯಾರೂ ನಂಬ್ಲಿಲ್ಲ ಮಗ. ಎರಡು ವರ್ಷದಲ್ಲಿ ನಾವೆಲ್ಲ ಬೇರೆ ಟೈಲರ್ ಹಿಡಿದಾಗಿತ್ತು. ಅವರು ಪುನಃ ಬಾಗಿಲು ತೆಗೆದು ಕೂತ್ರೆ ಆ ಅಂಗಡಿ ಎದುರು ಹೇಗೆ ನಡೆಯುದು ಅಂತ ನಾಚಿಕೆ ಇತ್ತು. ಅಷ್ಟರಲ್ಲಿ ನೀನು ಮೈಕಿನಲ್ಲಿ ಎಲ್ಲರಿಗೂ ಒಂದೊಂದು ಕಾರಣ ಹಂಚಿದೆ. ನಾನೂ ಒಂದು ತಕೊಂಡೆ."