ಕರಿಯನ ತೊಗಲು, ವೈನಿಯ ಕೈಗುಣ

ಕರಿಯನ ತೊಗಲಿನ ಕೂದಲು ಉದುರಿದ್ದು ನಿನ್ನ ಕೈಗುಣದಿಂದಲ್ಲ, ವೈನಿ. ಬಾನಿಗೆ ಸುಣ್ಣ ಹಾಕಿದವಳು ನಾನು.

ಈ ಒಂದು ಮಾತಿಗೆ ನನಗೆ ಎಷ್ಟು ಕಾಲ ಬೇಕಾಯಿತು ನೋಡು — ಆಗ ನಿನ್ನ ಹೊಟ್ಟೆಯಲ್ಲಿದ್ದ ಮಗಳು ನಾಳೆ ಅರಿಷಿಣದ ಮಣೆಯ ಮೇಲೆ ಕೂರುತ್ತಾಳೆ.

ನೀನು ಉಮದಿಯಿಂದ ನಮ್ಮ ಸೋನ್ಯಾಳದ ಮನೆಗೆ ಅಣ್ಣನ ಹೆಂಡತಿಯಾಗಿ ಬಂದಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಅಲ್ಲಿಯವರೆಗೆ ಅಣ್ಣ ನನ್ನವನು, ಕುರಿಹಟ್ಟಿ ನನ್ನದು, ಕರಿಯನಂತೂ ಪೂರಾ ನನ್ನವನು. ತಾಯಿ ಸತ್ತ ಮರಿ. ಸೆರಗಿನ ತುದಿಯನ್ನು ಹಾಲಲ್ಲಿ ಅದ್ದಿ ಚೀಪಿಸಿ ಬೆಳೆಸಿದ ಟಗರು. ನೀನು ಬಂದ ಮೇಲೆ ಅದು ನನ್ನನ್ನು ಬಿಟ್ಟು ನಿನ್ನ ಹಿಂದೆ ಹಿಂದೆ ತಿರುಗತೊಡಗಿತು. ನಗಬೇಡ — ಅಣ್ಣ ನಿನ್ನವನಾದದ್ದಕ್ಕಿಂತ ಇದೇ ನನಗೆ ಹೆಚ್ಚು ಉರಿಯಿತು.

ಆ ವರ್ಷ ಕರಿಯ ಎಳೆ ಜೋಳ ಮೇಯ್ದು ಹೊಟ್ಟೆ ಉಬ್ಬಿ ಸತ್ತಿತು. ನಾನು ಅತ್ತು ಅತ್ತು ಮೂಲೆ ಹಿಡಿದೆ. ಅಣ್ಣ ತೊಗಲು ಬಿಡಿಸಿದ. ಅದನ್ನು ಹೊರಗೆ ಕೊಡಬೇಡಿ ಎಂದವಳು ನೀನು.

"ಕೂದಲಾ ಹಂಗ ಇಟ್ಟು ಮನ್ಯಾಗ ಹದಾ ಮಾಡ್ತೀನ್ರಿ ಅತ್ತಿ. ನಮ್ಮ ಮುತ್ಯಾ ಮಾಡ್ತಿದ್ದ. ಕೂಸಿಗಿ ಹಾಸಾಕ ಬೆಚ್ಚಗ ಆಗ್ತೈತಿ."

ತೊಗಲಿನ ಕೆಲಸ, ಅದೂ ಬಸುರಿ ಕೈಯಲ್ಲಿ — ಅವ್ವ ಮೂಗು ಮುರಿದಳು. ಅಣ್ಣ ಹೇಗೋ ಒಪ್ಪಿಸಿದ.

ನೀನು ಒಳಮೈಗೆ ಉಪ್ಪು ತಿಕ್ಕಿದೆ. ಅಂಟಿಕೊಂಡಿದ್ದ ಕೊಬ್ಬನ್ನು ಮೊಂಡ ಕುಡುಗೋಲಿನಿಂದ ಹೆರೆದೆ. ಕೂದಲಲ್ಲಿ ಸಿಕ್ಕಿದ್ದ ಮುಳ್ಳುಗಳನ್ನು ಆರಿಸಿ ತೆಗೆದೆ, ಕರಿಯನಿಗೆ ಇನ್ನೂ ನೋವಾದೀತು ಎಂಬ ಹಾಗೆ. ನನ್ನನ್ನು ಮೂಲೆಯಿಂದ ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡೆ. ಉಪ್ಪುನೀರಿನ ಬಾನಿಯಲ್ಲಿ ತೊಗಲು ಮುಳುಗಿಸುತ್ತ ಎಲ್ಲವನ್ನೂ ಹೇಳಿಕೊಟ್ಟೆ — ಮರುದಿನ ಅದಕ್ಕೆ ತುರಟಿ ಹಾಕಬೇಕು, ಆ ಪಟಿಕದ ಬಿಳಿ ಹರಳು ಕರಗಿದರೆ ತೊಗಲು ಕೊಳೆಯುವುದಿಲ್ಲ, ಕೂದಲು ಗಟ್ಟಿ ನಿಲ್ಲುತ್ತದೆ. ಸುಣ್ಣ ಮಾತ್ರ ತಾಗಬಾರದು. ಸುಣ್ಣ ತಾಗಿದರೆ ಕೂದಲೆಲ್ಲ ಬುಡಸಮೇತ ಕಿತ್ತು ಬರುತ್ತದೆ. ನನ್ನ ದುಃಖ ಮರೆಸಲೆಂದು ಹೇಳಿಕೊಟ್ಟ ಮಾತು ಅದು, ವೈನಿ.

ಮರುದಿನ ನಿನಗೆ ವಾಂತಿ, ತಲೆ ಎತ್ತಲಾಗಲಿಲ್ಲ.

"ನೀ ಮಲ್ಕೋ ವೈನಿ, ತುರಟಿ ನಾ ಹಾಕ್ತೀನಿ" ಎಂದೆ. ನೀನು ನನ್ನ ಕೆನ್ನೆ ಸವರಿ ಮಲಗಿದೆ.

ಗೋಡೆ ಬಳಿಯಲು ಕಲಸಿಟ್ಟ ಸುಣ್ಣದ ಗಡಿಗೆ ಅಲ್ಲೇ ಇತ್ತು. ಆಗ ನಾನು ಏನೆಂದುಕೊಂಡೆ? ನನ್ನ ಕರಿಯನ ಮೇಲೆ ಇನ್ನೊಬ್ಬರ ಕೂಸು ಮಲಗುವುದು ಬೇಡವೆಂದೇ? ಅಥವಾ ಎಲ್ಲವೂ ಬರುವ ನಿನ್ನ ಕೈ ಒಂದು ಸಲವಾದರೂ ಸೋಲಲಿ ಎಂದೇ... ತಿಳಿಯದೆ ಮಾಡಿದೆ ಎನ್ನಲಾರೆ. ಸುಣ್ಣ ಸುರಿದು ಕೋಲಿನಿಂದ ಚೆನ್ನಾಗಿ ತಿರುವಿದೆ ಕೂಡ. ನೀನು ಹಾಸಿಗೆ ಬಿಟ್ಟು ಏಳುವವರೆಗೆ ದಿನಾ ತಿರುವಿದೆ.

ನೀನು ಎದ್ದು ಬಂದು ತೊಗಲು ಎತ್ತಿದಾಗ ಕೂದಲು ನಿನ್ನ ಮುಷ್ಟಿಯಲ್ಲೇ ಉಳಿಯಿತು. ಅವ್ವ ಹೊಸ್ತಿಲಲ್ಲಿ ನಿಂತು ನೋಡಿದಳು.

"ಈಕಿ ಕೈಗುಣನ ಚಲೋ ಇಲ್ಲ" ಅಂದಳು.

ಅಂಗೈ ಉರಿಯುತ್ತದೆಂದು ನೀನು ಒಳಗೆ ಹೋಗಿ ಅರಿಷಿಣ ಹಚ್ಚಿಕೊಂಡೆ. ನಾನು ಹಿಂದೆಯೇ ಬಂದಿದ್ದೆ. ಹಳದಿ ನಮ್ಮಿಬ್ಬರ ಕಣ್ಣೆದುರೇ ಕೆಂಪಾಯಿತು. ಅರಿಷಿಣಕ್ಕೆ ಸುಣ್ಣ ಬೆರೆತರೆ ಕೆಂಪಾಗುತ್ತದೆಂದು ಆರತಿಯ ನೀರು ಕಲಸಿದ ಯಾವ ಹೆಂಗಸಿಗೆ ಗೊತ್ತಿಲ್ಲ? ನೀನು ಅಂಗೈ ನೋಡಿಕೊಂಡೆ. ಆಮೇಲೆ ನನ್ನನ್ನು ನೋಡಿದೆ. ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಹೋಗಿ ಅವ್ವನಿಗೆ ಅಂದೆ —

"ಹೌದ್ರಿ ಅತ್ತಿ, ನನ್ನ ಕೈಲೇ ಏನೋ ತಪ್ಪಾತು."



ಅಂದಿನಿಂದ ಅವ್ವ ನಿನಗೆ ಹಾಲಿಗೆ ಹೆಪ್ಪು ಹಾಕಗೊಡಲಿಲ್ಲ. ಬಿತ್ತನೆಯ ದಿನ ಕಾಳು ಮುಟ್ಟಗೊಡಲಿಲ್ಲ. ಕುರಿ ಈದರೆ, "ನೀ ದೂರ ನಿಂದರ" ಎನ್ನುತ್ತಿದ್ದಳು. ನನ್ನ ಮದುವೆಯಲ್ಲಿ ಓಣಿಯ ಹೆಂಗಸರೆಲ್ಲ ನನಗೆ ಅರಿಷಿಣ ಹಚ್ಚಿದರು. ನೀನು ಹೊಸ್ತಿಲ ಹೊರಗೆ ಕೂಸನ್ನೆತ್ತಿಕೊಂಡು ನಿಂತಿದ್ದೆ. ನಾನು ತಲೆ ತಗ್ಗಿಸಿದೆ. ಮದುಮಗಳು ನಾಚಿದಳೆಂದು ಎಲ್ಲರೂ ನಕ್ಕರು.

ತವರಿಗೆ ಬಂದಾಗಲೆಲ್ಲ ಹೇಳಬೇಕು ಎಂದುಕೊಂಡೇ ಬಸ್ಸಿನಿಂದ ಇಳಿಯುತ್ತಿದ್ದೆ. ನೀನು ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೈಗೆ ಕೊಡುತ್ತಿದ್ದೆ — ತಿನ್ನುತ್ತಿದ್ದೆ. ತಿಂದ ಮೇಲೆ ಹೇಳೋಣ ಎಂದುಕೊಳ್ಳುವಷ್ಟರಲ್ಲಿ ಇನ್ನೊಂದು ರೊಟ್ಟಿ ಬರುತ್ತಿತ್ತು. ಹೀಗೆ ತಿಂದು ತಿಂದೇ ಇಷ್ಟು ವರ್ಷ ಕಳೆದೆ, ನಾಚಿಕೆಗೇಡಿ ನಾನು.

ಇವತ್ತು ಬೆಳಿಗ್ಗೆ ಅವ್ವ ನನ್ನನ್ನು ಕರೆದಳು. ನೀನು ಅಲ್ಲೇ ಹಿಟ್ಟು ಜರಡಿ ಹಿಡಿಯುತ್ತಿದ್ದೆ.

"ನಾಳಿ ಹುಡಗಿಗಿ ಮೊದಲನೇ ಅರಿಷಿಣಾ ನೀನ ಹಚ್ಚ, ಲಕ್ಕವ್ವ. ನಿನ್ನ ಕೈಗುಣ ಚಲೋ ಐತಿ."

ನಿನ್ನ ಜರಡಿ ಒಂದು ಕ್ಷಣ ನಿಂತಿತು. ಹೆತ್ತ ಮಗಳಿಗೆ ಅರಿಷಿಣ ಹಚ್ಚುವ ಭಾಗ್ಯವನ್ನೂ ಅವ್ವ ನಿನ್ನಿಂದ ಕಿತ್ತು ನನಗೇ ಕೊಟ್ಟಳು. ನೀನು ಆಗಲೂ ನನ್ನ ಕಡೆ ನೋಡಿ ನಕ್ಕೆ, ಸಮಾಧಾನ ಹೇಳುವಂತೆ. ಆ ನಗುವನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ, ವೈನಿ.

ನಾಳೆ ಬಟ್ಟಲು ನನ್ನ ಕೈಗೆ ಬಂದಾಗ, ಅವ್ವನ ಎದುರು, ಅಣ್ಣನ ಎದುರು, ಓಣಿಯ ಹೆಂಗಸರೆಲ್ಲರ ಎದುರು ಇದನ್ನು ಹೇಳುತ್ತೇನೆ. ಹೇಳಿ ಬಟ್ಟಲನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ನನ್ನನ್ನು ಕ್ಷಮಿಸಬೇಕಾಗಿಲ್ಲ, ಬಟ್ಟಲು ತೆಗೆದುಕೊ, ಸಾಕು. ಮಗಳ ಕೆನ್ನೆಗೆ ಮೊದಲು ನಿನ್ನ ಕೈ ತಾಗಲಿ. ನಾನು ಹೊಸ್ತಿಲ ಹೊರಗೆ ನಿಂತು ನೋಡುತ್ತೇನೆ, ನನ್ನ ಮದುವೆಯಲ್ಲಿ ನೀನು ನಿಂತಿದ್ದೆಯಲ್ಲ, ಅದೇ ಜಾಗದಲ್ಲಿ.