ಅಪ್ಪ ಮುಚ್ಚದೆ ಬಂದ ಕಣ

ಅಪ್ಪ ತೀರಿಹೋಗಿ ಎರಡು ವರ್ಷದ ಮೇಲೆ ನಮ್ಮ ಮತ್ತಿಗಿರಿ ಮನೆಯ ಟಿವಿಯಲ್ಲಿ ನಡೆದು ಬಂದ. ಮುಖ ಅವನದಲ್ಲ, ನಡಿಗೆ ಮಾತ್ರ ಅವನದೇ. ಎಡಗಾಲು ಒಂಚೂರು ಎಳೆದು ಹಾಕೋದು, ಕೋಲು ತಿರುಗಿಸೋ ಮುಂಚೆ ಹೆಗಲು ಕೊಡವೋದು, ಎಲ್ಲ ಹಂಗೇ. ಸೊಪ್ಪು ಬಿಡಿಸ್ತಿದ್ದ ಅಮ್ಮ ಕೈ ನಿಲ್ಲಿಸಿಬಿಟ್ಟಳು.

ಅಪ್ಪ ಜವಳಗಿರಿಯಲ್ಲಿ ದೊಣ್ಣೆ ವರಸೆ ಕಲಿಸುತ್ತಿದ್ದ. ಕಾರ್ಟೂನ್ ಸಿನಿಮಾ ಮಾಡೋರು ಯಾರೋ ಹುಡುಕಿಕೊಂಡು ಬಂದು ಹೊಸೂರಿನ ಒಂದು ಕಲ್ಯಾಣ ಮಂಟಪಕ್ಕೆ ಕರೆಸಿದರು. ಮೈಗಂಟೋ ಕಪ್ಪು ಬಟ್ಟೆ ತೊಡಿಸಿ, ಕೀಲುಕೀಲಿಗೂ ಬಿಳಿ ಗುಂಡು ಅಂಟಿಸಿದರು. ಅವನು ಆಡಿದಂಗೆ ಸಿನಿಮಾದ ಬೊಂಬೆ ಆಡುತ್ತದಂತೆ. ಎದುರಾಳಿ ನಾನೇ, ಅವನ ಮಗಳು. ಫ್ಯಾಕ್ಟರಿಗೆ ರಜೆ ಹಾಕಿ, ಅಂಥದೇ ಬಟ್ಟೆ ತೊಟ್ಟು ಕೋಲು ಹಿಡಿದಿದ್ದೆ. "ನಮ್ ಕಡೆಯೋರೂ ಸಿನಿಮಾದಾಗೆ ಬತ್ತೀವಿ ಕಣಮ್ಮ" ಅಂತ ಅಪ್ಪ ಬೀಗಿದ್ದ, ಪಾಪ.

ನಮ್ಮಲ್ಲೊಂದು ಕಟ್ಟುಪಾಡಿದೆ. ಆಟಕ್ಕೆ ಮುಂಚೆ ಹಿರಿಯೋನು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಕಣ ತೆರೀಬೇಕು. ಮುಗಿದ ಮೇಲೆ ಇಬ್ಬರೂ ಎದುರುಬದುರು ನಿಂತು, ಮೂರು ಹೆಜ್ಜೆ ಹಿಂದೆ ಸರಿದು, ಕೋಲು ನೆಲಕ್ಕೆ ಕುಟ್ಟಿ ಮುಚ್ಚಬೇಕು. ಮೊದಲು ಕಿರಿಯೋರು, ಆಮೇಲೆ ಹಿರಿಯೋರು. ಮುಚ್ಚದೆ ಬಂದರೆ ತೆರೆದೋನು ಅಲ್ಲೇ ನಿಂತಿರ್ತಾನೆ ಅಂತ ಹಿರೀಕರ ಮಾತು. ಆವತ್ತು ಸಿನಿಮಾದವರು ಸಾಕು ಅಂದರು. ಅಪ್ಪ ಕಣ ಮುಚ್ಚೋಕೆ ನಿಂತ. ನನ್ನ ಬಾಯಿಗೆ ಮಣ್ಣು ಬೀಳ, "ಬಸ್ ಹೋಗ್ಬುಡ್ತದೆ ಬಾರಪ್ಪ" ಅಂತ ಕೈ ಹಿಡಿದೆಳೆದೆ. ಆ ಮಳೆಗಾಲ ದಾಟಲಿಲ್ಲ ಅವನು.

ಟಿವಿಯಲ್ಲಿ ಅಪ್ಪನ ಮೈಯನ್ನ ರಾಕ್ಷಸನಿಗೆ ಕೊಟ್ಟಿದ್ದರು. ರಾಜಕುಮಾರ ಹಾಲುಬಣ್ಣದವನು, ಪುಸ್ತಕದ ಮಾತು. ರಾಕ್ಷಸನಿಗೆ ನಮ್ಮ ಬಣ್ಣ, ನಮ್ಮ ದಪ್ಪ ಮೂಗು. ಬಾಯಿ ಬಿಟ್ಟರೆ "ಬತ್ತೀನಿ ತಡಿಯಲಾ". ಥೂ, ಇವರ ಮನೆ ಹಾಳಾಗ! ಅವನನ್ನ ಕೊಲ್ಲೋ ರಾಜಕುಮಾರನ ಏಟುಗಳು ಮಾತ್ರ ನನ್ನವೇ. ಹತ್ತು ವರ್ಷದ ನನ್ನ ಮಗಳು ಕೇಳಿದಳು: "ರಾಕ್ಷಸ ಮಾತ್ರ ಯಾಕಮ್ಮ ನಮ್ಮಂಗೆ ಮಾತಾಡ್ತಾನೆ? ಒಳ್ಳೇರು ಯಾರೂ ನಮ್ಮಂಗಿಲ್ವಾ?"

ಅಮ್ಮನ ಸಂಕಟ ಬೇರೆ. ರಾಕ್ಷಸ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ, ಕಾದಾಡಿದ, ಸತ್ತುಬಿದ್ದ.

"ಕಣ ತೆರೆದ, ಮುಚ್ಚಲಿಲ್ಲ. ಅದಕ್ಕೇ ನಿಮ್ಮಪ್ಪ ಒಂದಿನ ಕನಸಿಗೂ ಬಂದಿಲ್ಲ. ಅಲ್ಲೇ ಸಿಕ್ಕಾಕ್ಕೊಂಡವ್ನೆ" ಅಂದಳು.

ಅವತ್ತಿಂದ ಅವಳಿಗೆ ಅನ್ನ ಸೇರಲಿಲ್ಲ. ದಿನಾ ಮೊಮ್ಮಗಳ ಕೈಲಿ ನೆಟ್‌ನಲ್ಲಿ ಅದೇ ಸಿನಿಮಾ ಹಾಕಿಸೋಳು, ದನಿ ಪೂರ್ತಿ ನಿಲ್ಲಿಸಿ. ಗಂಡನ ಮೈಯಿಂದ ಇನ್ನೊಬ್ಬರ ದನಿ ಬರೋದನ್ನ ಕೇಳೋಕಾಗಲ್ಲ ಅಂತಿದ್ದಳು. ದಿನಾ ಅವನು ಕಣ ತೆರೆಯೋನು, ದಿನಾ ಸಾಯೋನು. ಇವಳು ಸೊರಗಿ ಕಡ್ಡಿಯಾದಳು. ಹಿಂಗೇ ಬಿಟ್ಟರೆ ಇವಳೂ ಉಳಿಯಲ್ಲ ಅಂತ ನನಗೆ ದಿಗಿಲಾಯ್ತು.

ಒಂದು ಭಾನುವಾರ ಮಧ್ಯಾಹ್ನ ತಡೀಲಾರದೆ ಹೇಳಿಬಿಟ್ಟೆ, ಅವನನ್ನ ಎಳಕೊಂಡು ಬಂದೋಳು ನಾನೇ ಅಂತ. ಅಮ್ಮ ಬೈಯಲಿಲ್ಲ. ಬಾಗಿಲ ಸಂದಿಯಲ್ಲಿದ್ದ ಅಪ್ಪನ ಕೋಲು ತೋರಿಸಿ, "ಹಂಗಾದ್ರೆ ನೀನೇ ಮುಚ್ಚೇ" ಅಂದಳು.

ಟಿವಿ ಮುಂದೆ ನಿಂತೆ. ರಾಕ್ಷಸ ಬೀಳೋ ಮುಂಚಿನ ಗಳಿಗೆಗೆ ಅಮ್ಮ ರಿಮೋಟ್ ಒತ್ತಿ ಚಿತ್ರ ನಿಲ್ಲಿಸಿದಳು. ಮೂರು ಹೆಜ್ಜೆ ಹಿಂದೆ ಸರಿದೆ; ಬೆನ್ನು ಗೋಡೆಗೆ ತಾಗಿತು. ಕೋಲು ನೆಲಕ್ಕೆ ಕುಟ್ಟಿದೆ. ಇನ್ನು ಅವನ ಸರದಿ. ಅವನು ಕೋಲೆತ್ತಿಕೊಂಡೇ ನಿಂತಿದ್ದ. ಎಷ್ಟು ಹೊತ್ತಾದರೂ ಏನಿಲ್ಲ. ನಾಚಿಕೆಯಾಯ್ತು, ಅದರ ಹಿಂದೆಯೇ ಅಳು ಬಂತು.

"ನಿಧಾನಕ್ಕೆ ಮುಚ್ಚಪ್ಪ. ಇನ್ನೊಂದು ಬಸ್ಸೈತೆ" ಅಂದೆ.

ಟಕ್ ಅಂತು.

ಪಕ್ಕದಲ್ಲೇ ಕೂತಿದ್ದ ಮಗಳು ನನ್ನ ಕೋಲಿನ ಕಡೆ ನೋಡಿದಳು, ಆಮೇಲೆ ಟಿವಿ ಕಡೆ. ನನ್ನ ಕೋಲು ಅಲುಗಾಡಿರಲಿಲ್ಲ. ಚಿತ್ರ ನಿಂತೇ ಇತ್ತು, ಟಿವಿಗೆ ದನಿ ಇರಲೇ ಇಲ್ಲ. ಅಮ್ಮ ರಿಮೋಟ್ ಕೆಳಗಿಟ್ಟು, "ತಟ್ಟೆ ಹಾಕೇ, ಹಸಿವಾಯ್ತದೆ" ಅಂದಳು.