ಕಿಟಕಿಯಿಂದ ಎಸೆದ ಧನ್ಯವಾದಗಳು

ನನ್ನ ಸಿಟ್ಟು ಇಡೀ ಸಿಂಧನೂರು ಬಸ್ ನಿಲ್ದಾಣಕ್ಕೆ ಗೊತ್ತು. ಮಸ್ಕಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು ಹನ್ನೆರಡು ವರ್ಷಗಳಿಂದ ಅದೇ ಬೆಳಗಿನ ಲಿಂಗಸುಗೂರು ಬಸ್ಸಿಗೆ ಓಡುತ್ತೇನೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲೋ ಕರ್ಚೀಫೋ ಒಳಗೆಸೆದು ಸೀಟು ಹಿಡಿಯುವುದು ನಮ್ಮ ಕಡೆಯ ಪದ್ಧತಿ. ಟವೆಲ್ ಬಿದ್ದ ಸೀಟು ಟವೆಲ್ಲಿನವನದು. ಇದನ್ನು ಎಲ್ಲಿಯೂ ಬರೆದಿಟ್ಟಿಲ್ಲ, ಆದರೂ ಹೆಚ್ಚುಕಡಿಮೆ ಎಲ್ಲರೂ ಪಾಲಿಸುತ್ತಾರೆ. ಪಾಲಿಸದವರ ಜೊತೆ ಜಗಳವಾಡುವ ಜವಾಬ್ದಾರಿಯನ್ನು, ಯಾರೂ ಕೇಳದಿದ್ದರೂ, ನಾನೇ ಹೊತ್ತುಕೊಂಡಿದ್ದೆ.

ಈ ಸಿಟ್ಟು ಬಸ್ಸಿನಲ್ಲೇ ಇಳಿದುಹೋಗಿದ್ದರೆ ಚೆನ್ನಾಗಿತ್ತು. ಒಂದು ದಿನ ಡಬ್ಬಿ ಕಟ್ಟುವುದು ಎರಡು ನಿಮಿಷ ತಡವಾಯಿತೆಂದು ರೊಟ್ಟಿ ಪಲ್ಯ ತುಂಬಿದ ಸ್ಟೀಲ್ ಡಬ್ಬಿಯನ್ನು ಅಂಗಳಕ್ಕೆ ಎಸೆದುಬಿಟ್ಟೆ. ಹೆಂಡತಿ ಬೈಯಲಿಲ್ಲ, ಅಳಲೂ ಇಲ್ಲ. ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಅಲ್ಲಿಂದ ಮನೆಯಲ್ಲಿ ಮಾತು ನಿಂತಿತು. "ಹೂನ್ರಿ", "ಊಟಕ್ಕ ಬರ್ರಿ", "ನಿಮ್ಮಿಷ್ಟರಿ", ಅಷ್ಟೇ. ಮದುವೆಯಾದಂದಿನಿಂದ ನನ್ನ ಪ್ರತಿ ತಪ್ಪಿಗೂ ಸ್ಥಳದಲ್ಲೇ ಬಾಯಿ ತುಂಬ ಬೈದವಳು ಅವಳು. ಆ ಬೈಗುಳವಿಲ್ಲದ ಮನೆಯಲ್ಲಿ ನನಗೆ ತುತ್ತು ಇಳಿಯುತ್ತಿರಲಿಲ್ಲ. ಅವಳು ಮತ್ತೆ ಬೈದರೆ ಸಾಕೆನಿಸಿತ್ತು. ತಪ್ಪಾಯಿತು ಎಂದು ಒಂದು ಮಾತು ಹೇಳಬಹುದಿತ್ತು. ಆದರೆ ಗಣಿತದ ಮಾಸ್ತರನಿಗೆ ಒಂದೇ ಸಾಲಿನಲ್ಲಿ ಮುಗಿಯುವ ಲೆಕ್ಕದ ಮೇಲೆ ನಂಬಿಕೆ ಕಡಿಮೆ.

ಹಾಗಾಗಿ ಲಿಂಗಸುಗೂರಿಗೆ ಹೋಗಿ ಬಿಪಿ ತೋರಿಸಿಕೊಂಡೆ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ನನ್ನ ಮುಖ ನೋಡಿದರು.

"ಗುಳಿಗಿ ಆಮ್ಯಾಲ ನೋಡೋಣ್ರಿ ಮಾಸ್ತರ. ಮೊದಲ ಟೆನ್ಶನ್ ಕಡಿಮಿ ಮಾಡ್ಕೋರಿ. ಮುಂಜಾನೆ ವಾಕಿಂಗ್ ಹೋಗ್ರಿ, ಎಣ್ಣೀದು ಬಿಡ್ರಿ. ಸಿಟ್ಟು ಬಂದ್ರ ಉದ್ದಕ ಉಸಿರು ತಗೊಂಡು ಹತ್ತರತನಕ ಎಣಸ್ರಿ. ದಿನಾ ಮೂರು ಒಳ್ಳೇದು ಬರದು ಧನ್ಯವಾದ ಹೇಳ್ರಿ."

ನನಗೆ ಭಾರಿ ಖುಷಿಯಾಯಿತು. ನಾನು ಬದಲಾಗಿದ್ದೇನೆಂದು ಹೆಂಡತಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಿಲೆಬಸ್ ಎಲ್ಲಿ ಸಿಗಬೇಕು?

ಮರುದಿನವೇ ಕೆಂಪು ರಟ್ಟಿನ ನೋಟ್‌ಬುಕ್ ಹಿಡಿದು ಕಾಲುವೆ ದಂಡೆಯ ಮೇಲೆ ನಡೆಯಲು ಶುರುಮಾಡಿದೆ. ಅಲ್ಲಲ್ಲಿ ನಿಂತು, ನೀರು ನೋಡಿ, ಏನೋ ಗೀಚುವ ನನ್ನನ್ನು ಕಂಡು, ಕಾಲುವೆಗೆ ಕದ್ದು ಪೈಪ್ ಇಳಿಸಿದ್ದ ಗದ್ದೆಯವರು ಯಾರೋ ಸಾಹೇಬರು ತಪಾಸಣೆಗೆ ಬಂದಿದ್ದಾರೆಂದು ತಿಳಿದರು. "ಪೈಪ್ ಎತ್ರಲೇ, ಬರಕೊಳ್ಳಾಕತ್ತಾನ!" ಎಂಬ ಕೂಗು ದಂಡೆಯುದ್ದಕ್ಕೂ ನನಗಿಂತ ಮುಂದೆ ಓಡಿತು. ನಾನು ಬರೆದದ್ದು ಇಷ್ಟೇ: 'ತಂಗಾಳಿ ಇದೆ. ಧನ್ಯವಾದ.' ನನ್ನೊಬ್ಬನ ಶಾಂತಿಗಾಗಿ ಅವತ್ತು ಎಷ್ಟು ಜನರ ಬಿಪಿ ಏರಿತೋ ಗೊತ್ತಿಲ್ಲ.

ನಡಿಗೆ ಮುಗಿಯುವಲ್ಲಿ, ದುರದೃಷ್ಟಕ್ಕೆ, ಮಿರ್ಚಿ ಭಜಿ ಕರಿಯುವ ಅಂಗಡಿ. ಮನೆಯಲ್ಲಿ ಹೆಂಡತಿ ಮಾತಿಲ್ಲದೆಯೇ ಎಣ್ಣೆ ನಿಲ್ಲಿಸಿದ್ದಳು. ಪಲ್ಯಕ್ಕೆ ಒಗ್ಗರಣೆ ಕೂಡ ಲೆಕ್ಕಕ್ಕಷ್ಟೇ. ನಾನು ಒಂದು ಪ್ಲೇಟು ಮಂಡಕ್ಕಿ ಒಗ್ಗರಣಿ, ಎರಡು ಮಿರ್ಚಿ ಮುಗಿಸಿ, ಬಾಯಿ ಒರೆಸಿಕೊಂಡು, ಬಹಳ ಪ್ರಾಮಾಣಿಕವಾಗಿ ಬರೆಯುತ್ತಿದ್ದೆ: 'ಮಿರ್ಚಿ ಬಿಸಿ ಇತ್ತು. ಧನ್ಯವಾದ.'

ಮನೆಯಲ್ಲಿ ಉಸಿರನ್ನು ಅವಳಿಗೆ ಕೇಳುವಷ್ಟು ಜೋರಾಗಿ ಎಳೆದು ಬಿಡುತ್ತಿದ್ದೆ. ಒಮ್ಮೆ ಅಡುಗೆಮನೆಯಿಂದ ಹೊರಬಂದು, "ಮೂಗು ಕಟ್ಟೇತೇನ್ರಿ?" ಎಂದು ಕೇಳಿ, ಬಿಸಿನೀರು ತಂದಿಟ್ಟು ಹೋದಳು. ನಲವತ್ತು ದಿನಗಳ ನನ್ನ ಸಾಧನೆಗೆ ಸಿಕ್ಕ ಬಹುಮಾನ ಅದೊಂದೇ.

ನಲವತ್ತೊಂದನೆಯ ದಿನ ಟವೆಲ್ ಮರೆತು ನಿಲ್ದಾಣಕ್ಕೆ ಬಂದಿದ್ದೆ. ಬಸ್ಸು ಬಂತು. ಕೈಯಲ್ಲಿದ್ದ ನೋಟ್‌ಬುಕ್ಕನ್ನೇ ಕಿಟಕಿಯಿಂದ ಎಸೆದೆ. ಸೀಟು ಸಿಕ್ಕಿತು. ಬಾಗಿಲಲ್ಲಿ ನೂಕಾಟ ನಡೆದಿತ್ತು, ಯಾರೋ ಮೊಣಕೈಯಿಂದ ತಿವಿದರು. ಹಳೆಯ ನಾನಾಗಿದ್ದರೆ ಅಲ್ಲೇ ಅವರ ಗ್ರಹಚಾರ ಬಿಡಿಸುತ್ತಿದ್ದೆ. ಹೊಸ ನಾನು ಪಕ್ಕಕ್ಕೆ ಸರಿದು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದು ಎಣಿಸತೊಡಗಿದೆ. ಏಳಕ್ಕೆ ಬಂದಾಗ ಹಾರ್ನ್ ಕೇಳಿತು. ಪೂರ್ತಿ ಹತ್ತು ಎಣಿಸಿ ಕಣ್ಣು ತೆರೆದರೆ ಬಸ್ಸು ಗೇಟು ದಾಟಿತ್ತು. ನನ್ನ ಧನ್ಯವಾದಗಳೆಲ್ಲ ಕಿಟಕಿ ಪಕ್ಕ ಆರಾಮಾಗಿ ಕೂತು ಮಸ್ಕಿಗೆ ಹೊರಟಿದ್ದವು. ಆಮೇಲೆ ನಾನು ನಿಲ್ದಾಣದ ನಡುವೆ ನಿಂತು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಎರಡು ದಿನ ಬಿಟ್ಟು, ಸಂಜೆ ಶಾಲೆಯಿಂದ ಮನೆಗೆ ಬಂದಾಗ ಪಡಸಾಲೆಯಲ್ಲಿ ಬಳೆಗಾರ್ತಿ ಕೂತಿದ್ದಳು. ಮುದಗಲ್ಲಿನ ಈ ಮುದುಕಿಯ ಮಗಳು ಸಿಂಧನೂರಿನಲ್ಲೇ ಇದ್ದಾಳೆ. ಮಗಳನ್ನು ನೋಡಲು ಬಂದಾಗೆಲ್ಲ ನಮ್ಮ ಓಣಿಗೂ ಬಂದು ನನ್ನ ಹೆಂಡತಿಗೆ ಬಳೆ ಇಡುತ್ತಾಳೆ.

"ನಿಮ್ಮ ಕಿತಾಬು ತಂದೀನ್ರಿ ಮಾಸ್ತರ," ಎಂದಳು. "ಅವತ್ತು ಊರಿಗೆ ಹೊಂಟಿದ್ದೆ, ಬಾಜೂ ಸೀಟಿನ್ಯಾಗ ನಾನಽ ಇದ್ದೆ. ನೀವು ಒಗದದ್ದು ನೋಡೀನಿ. ಬಸ್ಸು ಹೊಂಟ್ರೂ ಕಣ್ಣು ಮುಚ್ಚಿ ನಿಂತಿದ್ರಿ. ದುವಾ ಮಾಡಾಕತ್ತಾರ, ನಡುವ ಯಾಕ ಕೂಗೂದು ಅಂತ ಸುಮ್ಮನಾದೆ."

ನೋಟ್‌ಬುಕ್ ಹೆಂಡತಿಯ ಕೈಯಲ್ಲಿತ್ತು. ಕೊನೆಯ ಪುಟದವರೆಗೂ ಓದಿದ್ದಾಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಬಳೆಗಾರ್ತಿ ಮೆಲ್ಲಗೆ ಬುಟ್ಟಿ ಎತ್ತಿಕೊಂಡು ಜಾಗ ಖಾಲಿ ಮಾಡಿದಳು.

"ಮಿರ್ಚಿ!" ಎಂದಳು ಹೆಂಡತಿ. "ಇಲ್ಲಿ ನಿಮ್ಮ ಬಿಪಿ ಸಲುವಾಗಿ ನಾನೂ ಸಪ್ಪನ ಪಲ್ಯ ಉಣ್ಣಾಕತ್ತೀನಿ, ಅಲ್ಲಿ ನೀವು ಎರಡೆರಡು ಮಿರ್ಚಿ ತಿಂದು ಬರಾಕತ್ತೀರಿ! ಗಾಳಿಗೆ ಧನ್ಯವಾದ. ಸೀಟಿಗೆ ಧನ್ಯವಾದ. ಹೆಡ್ ಮಾಸ್ತರು ರಜಾ ಹಾಕ್ಯಾರ, ಅದಕ್ಕೂ ಧನ್ಯವಾದ! ನಸುಕಿನ್ಯಾಗ ಎದ್ದು ರೊಟ್ಟಿ ಬಡಿಯಾಕಿ ಎಲ್ಲದಾಳ್ರಿ ಇದರಾಗ? ಒಂದು ಸಾಲು ತೋರಸ್ರಿ ನೋಡೋಣ!"

ನೋಟ್‌ಬುಕ್ ಇಸಿದುಕೊಂಡು ಪುಟ ತಿರುವಿದೆ. ನಲವತ್ತು ದಿನ, ನೂರಾ ಇಪ್ಪತ್ತು ಧನ್ಯವಾದ. ಅವಳಿಗೆ ಒಂದೂ ಇರಲಿಲ್ಲ. ಅವಳು ಬೈಯುತ್ತಿದ್ದಾಳೆಂದು ಜೀವಕ್ಕೆ ತಂಪೆನಿಸಿತು, ಹೇಳುತ್ತಿರುವುದು ಖರೆ ಎಂದು ನಾಚಿಕೆಯೂ ಆಯಿತು.

"ತಪ್ಪಾತು," ಎಂದೆ. "ಅವತ್ತು ಡಬ್ಬಿ ಒಗದದ್ದೂ ತಪ್ಪಾತು."

ಅವಳು ನೋಟ್‌ಬುಕ್ ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು. "ಅವತ್ತಿಂದ ಆ ಡಬ್ಬಿ ಮುಚ್ಚಳ ಕೂಡೂದಿಲ್ಲ. ದಿನಾ ದಾರ ಸುತ್ತಿ ಕೊಡಾಕತ್ತೀನಿ. ನೋಡೀರೇನು?"

ಮಸ್ಕಿಯಲ್ಲಿ ದಿನವೂ ಮಧ್ಯಾಹ್ನ ಆ ದಾರವನ್ನು ನಾನೇ ಬಿಚ್ಚಿ ಬಿಸಾಡಿದ್ದೆ. ಯಾಕೆ ಕಟ್ಟಿದ್ದಾಳೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಮರುದಿನ ವಾಕಿಂಗ್ ಬಿಟ್ಟು ಡಬ್ಬಿ ಹಿಡಿದು ಕೂತೆ. ಗುಂಡುಕಲ್ಲಿನಿಂದ ಮುಚ್ಚಳದ ಅಂಚು ತಟ್ಟಿದೆ. ಅದು ಇನ್ನಷ್ಟು ಸೊಟ್ಟಗಾಯಿತು. "ಇಡ್ರಿ ಕೆಳಗ! ಇದ್ದದ್ದೂ ಹಾಳು ಮಾಡಾಕತ್ತೀರಿ," ಎಂದು ಕಿತ್ತುಕೊಂಡು ಹೋಗಿ, ತುಂಬಿ, ದಾರ ಸುತ್ತಿ ತಂದುಕೊಟ್ಟಳು. ಆ ದಿನ ಸೀಟು ಸಿಗಲಿಲ್ಲ. ನನ್ನ ಟವೆಲ್ ಸರಿಸಿ ಯಾರೋ ಕೂತಿದ್ದರು. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಮಸ್ಕಿಯವರೆಗೂ ನಿಂತೇ ಹೋದೆ. ಎಣಿಸುವ ನೆನಪೇ ಆಗಲಿಲ್ಲ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಗಂಟು ಬಿಚ್ಚಿ ಮುಚ್ಚಳ ತೆಗೆದರೆ, ರೊಟ್ಟಿಯ ಮೇಲೆ ಮನೆಯಲ್ಲೇ ಕರಿದ ಒಂದು ಮಿರ್ಚಿ. ಒಂದೇ ಒಂದು. ದಾರವನ್ನು ಬೆರಳಿಗೆ ಸುತ್ತಿ ಜೇಬಿಗಿಟ್ಟುಕೊಂಡೆ.